ಹಾಸಿಗೆ ಬಿಡಿಸಲು ಹಿಡಿದ ನೂರು ವರ್ಷ

1809ರ ಡಿಸೆಂಬರ್ ಚಳಿಯಲ್ಲಿ ಅಮೆರಿಕದ ಕೆಂಟಕಿ ಸೀಮೆಯ ಡ್ಯಾನ್‌ವಿಲ್ ಎಂಬ ಸಣ್ಣ ಊರಿಗೆ ಜೇನ್ ಟಾಡ್ ಕ್ರಾಫರ್ಡ್ ಎಂಬ ಹೆಣ್ಣುಮಗಳು ಸುಮಾರು ಅರವತ್ತು ಮೈಲಿ ಕುದುರೆಯ ಮೇಲೆ ಕೂತು ಬಂದರು. ಹೊಟ್ಟೆ ಅಷ್ಟು ಉಬ್ಬಿದ್ದರಿಂದ ದಿನ ತುಂಬಿದ ಬಸುರಿ ಎಂದೇ ಮೊದಲು ನೋಡಿದವರು ತಿಳಿದಿದ್ದರು. ಅದು ಅಂಡಾಶಯದ ಗೆಡ್ಡೆ ಎಂದು ಗುರುತಿಸಿದ ವೈದ್ಯ ಈಫ್ರೇಮ್ ಮೆಕ್‌ಡೊವೆಲ್, ಅರಿವಳಿಕೆ ಇನ್ನೂ ಹುಟ್ಟಿಲ್ಲದ ಆ ಕಾಲದಲ್ಲಿ, ಇಪ್ಪತ್ತೈದು ನಿಮಿಷದೊಳಗೆ ಹೊಟ್ಟೆ ಕೊಯ್ದು ಹತ್ತು ಕಿಲೋ ತೂಗುವ ಗೆಡ್ಡೆಯನ್ನು ಹೊರತೆಗೆದರು. ಐದನೆಯ ದಿನ ರೋಗಿಯನ್ನು ನೋಡಲು ಹೋದಾಗ ಆಕೆ ಎದ್ದು ನಿಂತು ತಮ್ಮ ಹಾಸಿಗೆಯನ್ನು ತಾವೇ ಸರಿಮಾಡುತ್ತಿದ್ದರು. ವೈದ್ಯರು ಬೆರಗಾದರು, ಮುಂದೆ ಹೀಗೆ ಮಾಡಕೂಡದೆಂದು ಎಚ್ಚರಿಕೆಯನ್ನೂ ಕೊಟ್ಟರು. ಇಪ್ಪತ್ತೈದು ದಿನಕ್ಕೆ ಊರಿಗೆ ಮರಳಿದ ಆ ತಾಯಿ ಮುಂದೆ ಮೂವತ್ತು ವರ್ಷಕ್ಕೂ ಹೆಚ್ಚು ಬದುಕಿದರು. ಅಷ್ಟು ಬದುಕಿದ್ದರಿಂದ ಆ ಗೆಡ್ಡೆ ಕ್ಯಾನ್ಸರಿನದಾಗಿರಲಿಕ್ಕಿಲ್ಲ. ಆದರೂ ಹೆಂಗಸರ ಒಡಲಿನ ಗೆಡ್ಡೆಗಳಿಗೆ ಹೊಟ್ಟೆ ಕೊಯ್ಯುವ ವಿದ್ಯೆ ಶುರುವಾದದ್ದು ಅಲ್ಲಿಂದಲೇ. ಆಪರೇಷನ್ನಿನ ಧೈರ್ಯವನ್ನು ವೈದ್ಯಲೋಕ ಇಂದಿಗೂ ಕೊಂಡಾಡುತ್ತದೆ. ಐದನೆಯ ದಿನ ಹಾಸಿಗೆ ಮಡಿಸುತ್ತಿದ್ದ ಆ ಕೈಗಳು ಹೇಳಿದ್ದನ್ನು ಕೇಳಿಸಿಕೊಳ್ಳಲು ಮಾತ್ರ ಅದಕ್ಕೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಗರ್ಭಕೋಶ, ಗರ್ಭಕೊರಳು, ಅಂಡಾಶಯಗಳ ಕ್ಯಾನ್ಸರಿಗೆ ಮಾಡುವ ಆಪರೇಷನ್ನಿನ ಚರಿತ್ರೆಯನ್ನು ಸಾಮಾನ್ಯವಾಗಿ ಚಾಕುವಿನ ಚರಿತ್ರೆಯಾಗಿ ಬರೆಯುತ್ತಾರೆ: ಯಾರು ಎಷ್ಟು ಆಳಕ್ಕೆ ಹೋದರು, ಎಷ್ಟು ಅಗಲ ತೆಗೆದರು, ಯಾರ ಹೆಸರು ಯಾವ ಆಪರೇಷನ್ನಿಗೆ ಅಂಟಿಕೊಂಡಿತು. ಆಪರೇಷನ್ ಮುಗಿದ ಮೇಲೆ ಬರುವ ತೊಡಕುಗಳನ್ನು, ಅಂದರೆ ಕೀವು, ರಕ್ತದ ಹೆಪ್ಪು, ಮೂತ್ರ ಸೋರುವುದು, ಕರುಳು ಮಂಕಾಗುವುದು, ಕಾಲು ಊದಿಕೊಳ್ಳುವುದು, ಇವನ್ನು ತಡೆದದ್ದು ಹೇಗೆ ಎಂದು ಕೇಳಿದರೆ ಬೇರೆಯೇ ಚರಿತ್ರೆ ಕಾಣುತ್ತದೆ. ಅಲ್ಲಿ ಎದುರಾಳಿ ಬರೀ ರೋಗಾಣುವಲ್ಲ, ಅಕ್ಕರೆಯ ರೂಪದಲ್ಲಿ ಬಂದ ಪದ್ಧತಿಯೂ ಹೌದು. ಮಲಗಿಸಿಡು, ಉಪವಾಸವಿಡು, ಭೇದಿ ಮಾಡಿಸು, ನಳಿಕೆ ಹಾಕಿ ಬಿಡು, ಸಿಕ್ಕಿದ್ದನ್ನೆಲ್ಲ ತೆಗೆದುಬಿಡು: ಪ್ರತಿಯೊಂದೂ ರೋಗಿಯ ಒಳಿತಿಗೆಂದೇ ಹುಟ್ಟಿದ್ದು. ಒಂದೊಂದನ್ನೂ ಎಣಿಸಿ ನೋಡಿದ ಮೇಲೆಯೇ ಎಷ್ಟು ಉಳಿಯಬೇಕು, ಎಷ್ಟು ಹೋಗಬೇಕು ಎಂಬುದು ಗೊತ್ತಾದದ್ದು.

ಮೊದಮೊದಲ ಲೆಕ್ಕಗಳು ಎದೆ ನಡುಗಿಸುವಂಥವು. 1878ರ ಜನವರಿಯಲ್ಲಿ ಬ್ರೆಸ್ಲಾವಿನ ವಿಲ್‌ಹೆಲ್ಮ್ ಫ್ರಾಯಿಂಡ್ ಕ್ಯಾನ್ಸರ್ ತಗುಲಿದ ಗರ್ಭಕೋಶವನ್ನು ಹೊಟ್ಟೆಯ ಮೂಲಕ ಪೂರ್ತಿ ತೆಗೆದು ಯಶಸ್ವಿಯಾದರು. ಅದನ್ನು ನೋಡಿ ಬೇರೆಯವರೂ ಮಾಡಹೊರಟಾಗ ಆಪರೇಷನ್ ಮಾಡಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತೀರಿಕೊಂಡರು. ಇಪ್ಪತ್ತು ವರ್ಷ ಬಿಟ್ಟು, 1898ರ ನವೆಂಬರಿನಲ್ಲಿ, ವಿಯೆನ್ನಾದ ಅರ್ನ್ಸ್ಟ್ ವರ್ಟ್‌ಹೈಮ್ ಗರ್ಭಕೋಶದ ಜೊತೆಗೆ ಅದರ ಅಕ್ಕಪಕ್ಕದ ಅಂಗಾಂಶವನ್ನೂ ಊದಿಕೊಂಡ ದುಗ್ಧಗ್ರಂಥಿಗಳನ್ನೂ ತೆಗೆಯುವ ಆಪರೇಷನ್ ಆರಂಭಿಸಿದರು. 1905ರಲ್ಲಿ ಅವರು ಪ್ರಕಟಿಸಿದ 270 ರೋಗಿಗಳ ಲೆಕ್ಕದಲ್ಲಿ ನೂರಕ್ಕೆ ಸುಮಾರು ಹದಿನೆಂಟು ಮಂದಿ ಆಪರೇಷನ್ನಿನಿಂದಲೇ ಸತ್ತಿದ್ದರು. ಸೋತದ್ದನ್ನೂ ಮರೆಮಾಚದೆ ಲೆಕ್ಕಕ್ಕೆ ಹಿಡಿದದ್ದೇ, ನನ್ನ ಮಟ್ಟಿಗೆ, ವರ್ಟ್‌ಹೈಮರ ದೊಡ್ಡತನ. ಅದೇ ಊರಿನಲ್ಲಿ ಅವರಿಗೆ ಹಿಂದೆ ಗುರುವಾಗಿದ್ದ ಫ್ರೀಡ್ರಿಷ್ ಶೌಟಾ ಇದೇ ಕೆಲಸವನ್ನು ಯೋನಿಮಾರ್ಗದಿಂದ ಮಾಡಿ ಕಡಿಮೆ ಸಾವು ಕಂಡರು. ಆದರೆ ಆ ದಾರಿಯಲ್ಲಿ ಗ್ರಂಥಿಗಳು ಕೈಗೆ ಸಿಗುತ್ತಿರಲಿಲ್ಲ. ಶಿಷ್ಯನದು ಆಳ, ಗುರುವಿನದು ಜೋಪಾನ. ಆ ಜಗಳ ಇವತ್ತಿಗೂ ಬೇರೆ ಬೇರೆ ವೇಷದಲ್ಲಿ ನಡೆಯುತ್ತಲೇ ಇದೆ.

ಸತ್ತವರು ಸತ್ತದ್ದು ಯಾತರಿಂದ? ಹೆಚ್ಚಿನವರು ಹೊಟ್ಟೆಯೊಳಗೆ ಹಬ್ಬಿದ ಸೋಂಕಿನಿಂದ, ರಕ್ತ ಹೋದದ್ದರಿಂದ, ಆಘಾತದಿಂದ. ಗರ್ಭಕೊರಳಿನ ಹುಣ್ಣು ತಾನೇ ರೋಗಾಣುಗಳ ಗೂಡು. ಅದನ್ನು ಹೊಟ್ಟೆಯ ಮೂಲಕ ಎಳೆದು ತೆಗೆಯುವಾಗ ಕೊಳಕು ಚೆಲ್ಲದಿರಲು ವರ್ಟ್‌ಹೈಮ್ ಯೋನಿಯ ಮೇಲ್ಭಾಗವನ್ನು ಕೊಂಡಿ ಇಕ್ಕಳದಿಂದ ಅಡ್ಡ ಹಿಡಿದು, ಚೀಲದ ಬಾಯಿ ಕಟ್ಟಿದಂತೆ ಬಿಗಿದು, ಅದರ ಕೆಳಗೆ ಕತ್ತರಿಸುತ್ತಿದ್ದರು. ಲಂಡನ್ನಿನ ವಿಕ್ಟರ್ ಬಾನಿ ಇನ್ನೊಂದು ದಾರಿ ಹಿಡಿದರು. ಬ್ರೌನಿಂಗ್ ಎಂಬ ಜೊತೆಗಾರರೊಂದಿಗೆ 1918ರಲ್ಲಿ ಅವರು ಹೊರತಂದ ನೀಲಿ ಬಣ್ಣದ ದ್ರಾವಣವನ್ನು ಆಪರೇಷನ್ನಿಗೆ ಮೊದಲು ಒಳಗೆಲ್ಲ ಬಳಿಯುತ್ತಿದ್ದರು; ಬಣ್ಣ ಹತ್ತದ ಮೂಲೆ ಯಾವುದೆಂದು ಕಣ್ಣಿಗೇ ಕಾಣುವುದು ಅದರ ಜಾಣ್ಮೆ. ಬಾನಿಯ ನೀಲಿ ಎಂಬ ಹೆಸರು ಆಸ್ಪತ್ರೆಗಳಲ್ಲಿ ಬಹುಕಾಲ ಉಳಿಯಿತು. ಇದರ ಜೊತೆಗೆ ಸದ್ದಿಲ್ಲದೆ ಬರುವ ಇನ್ನೊಂದು ತೊಡಕಿತ್ತು. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ನಾಳ ಗರ್ಭಕೊರಳಿನ ಪಕ್ಕದಲ್ಲೇ ಹಾದುಹೋಗುತ್ತದೆ. ಕ್ಯಾನ್ಸರನ್ನು ಬಿಡಿಸಲು ಆ ನಾಳವನ್ನು ಸುತ್ತಲಿನ ಹೊದಿಕೆಯಿಂದ ಬಿಡಿಸಿ ಬೆತ್ತಲು ಮಾಡಬೇಕು. ಹಾಗೆ ಮಾಡಿದರೆ ಅದಕ್ಕೆ ರಕ್ತ ತರುವ ಎಳೆಗಳೂ ಹರಿಯುತ್ತವೆ. ಹೊಲಿಗೆ ಒಣಗಿ, ಜ್ವರ ಇಳಿದು, ಎಲ್ಲ ಸರಿಹೋಯಿತು ಎನ್ನುವಾಗ, ಹತ್ತು-ಹದಿನೈದನೆಯ ದಿನ ಬೆಳಿಗ್ಗೆ ಹಾಸಿಗೆ ಒದ್ದೆಯಾಗಿರುತ್ತಿತ್ತು. ರಕ್ತ ಸಿಗದೆ ಸತ್ತ ನಾಳದ ತುಣುಕು ಉದುರಿ ಮೂತ್ರ ಯೋನಿಯಿಂದ ಸೋರತೊಡಗಿರುತ್ತಿತ್ತು. ಜೀವ ಉಳಿದಿದೆಯೆಂದು ಆಸ್ಪತ್ರೆಯ ಪುಸ್ತಕ ಹೇಳುತ್ತಿತ್ತು. ಆ ಹೆಂಗಸನ್ನು ಮನೆಯವರು ಯಾವ ಕೋಣೆಯಲ್ಲಿ ಮಲಗಿಸಿದರೆಂದು ಅದು ಬರೆದಿಡುತ್ತಿರಲಿಲ್ಲ.

ಈ ಕಥೆಯಲ್ಲಿ ನನಗೆ ಎಲ್ಲರಿಗಿಂತ ಮುಖ್ಯವಾಗಿ ಕಾಣುವವರು ಎಮಿಲ್ ರೀಸ್. ಕ್ಯಾನ್ಸರಿನ ಗರ್ಭಕೋಶದ ಜೊತೆ ಸೊಂಟದೊಳಗಿನ ದುಗ್ಧಗ್ರಂಥಿಗಳನ್ನೂ ತೆಗೆಯಬೇಕೆಂದು, ವರ್ಟ್‌ಹೈಮರಿಗೂ ಮೊದಲೇ, 1895ರಲ್ಲಿ ವಾದಿಸಿದವರಲ್ಲಿ ಅವರೊಬ್ಬರು. ಜರ್ಮನಿಯಿಂದ ಷಿಕಾಗೋಕ್ಕೆ ಬಂದು ನೆಲೆಸಿದ ಮೇಲೆ 1899ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಇನ್ನೊಂದು ಲೇಖನ ಬರೆದರು: ಹೊಟ್ಟೆಯ ಆಪರೇಷನ್ನಾದವರನ್ನು ವಾರಗಟ್ಟಲೆ ಮಲಗಿಸಿಡುವುದು ಬೇಡ, ಬೇಗ ಊಟ ಕೊಡಿ, ಒಂದೆರಡು ದಿನದಲ್ಲೇ ಹಾಸಿಗೆಯಿಂದ ಏಳಿಸಿ, ತಾನು ಹಾಗೆ ಮಾಡಿ ನೋಡಿದ್ದೇನೆ ಎಂದು. ಒಬ್ಬನೇ ಮನುಷ್ಯ, ನಾಲ್ಕು ವರ್ಷದ ಅಂತರದಲ್ಲಿ, ಎರಡು ಮಾತು ಹೇಳಿದ. ಹೆಚ್ಚು ತೆಗೆಯಿರಿ ಎಂಬ ಮೊದಲ ಮಾತನ್ನು ಲೋಕ ಕೂಡಲೇ ಎತ್ತಿಕೊಂಡಿತು. ಕಡಿಮೆ ಮಲಗಿಸಿ ಎಂಬ ಎರಡನೆಯ ಮಾತು ಸುಮಾರು ನಲವತ್ತು ವರ್ಷ ಕಪಾಟಿನಲ್ಲೇ ಉಳಿಯಿತು. ಚಾಕು ಹಿಡಿದವರ ಕೈಗೆ ಹೊಸ ಕೆಲಸ ಕೊಡುವ ಸಲಹೆ ಬೇಗ ಹರಡುತ್ತದೆ, ಹಳೆಯ ಕೆಲಸವನ್ನು ಬಿಡಿ ಎನ್ನುವ ಸಲಹೆ ಹಾಗೆ ಹರಡುವುದಿಲ್ಲ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆ ಇದೆ. ಆ ಕಾಲದ ವೈದ್ಯರು ಮೂಢರೇನೂ ಆಗಿರಲಿಲ್ಲವಲ್ಲ? ಲಂಡನ್ನಿನ ಜಾನ್ ಹಿಲ್ಟನ್ 1860ರ ದಶಕದ ಆರಂಭದಲ್ಲಿ ಮಾಡಿದ ಉಪನ್ಯಾಸಗಳಲ್ಲಿ ವಿಶ್ರಾಂತಿಯೇ ಶರೀರ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವ ದಾರಿ ಎಂದು ಪ್ರತಿಪಾದಿಸಿದ್ದರು. ಮುರಿದ ಮೂಳೆ, ಊದಿದ ಕೀಲುಗಳ ವಿಷಯದಲ್ಲಿ ಅದು ಸರಿಯೂ ಆಗಿತ್ತು. ಪ್ರಾಣಿಗಳ ಕರುಳಿನಿಂದ ಮಾಡಿದ ಅಂದಿನ ಹೊಲಿಗೆದಾರ ಎಷ್ಟು ದಿನ ತಡೆಯುತ್ತದೆಂದು ನಂಬುವಂತಿರಲಿಲ್ಲ; ಕೀವಾದ ಗಾಯ ಬಿರಿದು ಕರುಳು ಹೊರಬಂದದ್ದನ್ನು ಒಮ್ಮೆ ಕಂಡವರು ರೋಗಿಯನ್ನು ಎದ್ದು ನಿಲ್ಲಿಸಲು ಹೆದರಿದರೆ ಅದು ಹೇಡಿತನವಲ್ಲ. ಇದೆಲ್ಲ ಒಪ್ಪತಕ್ಕದ್ದೇ. ಪ್ರಶ್ನೆ ಹೆದರಿಕೆಯದಲ್ಲ, ಪರೀಕ್ಷೆಯದು. ಮಲಗಿದವರ ಗಾಯ ಕಡಿಮೆ ಬಿರಿಯುತ್ತದೆಯೇ, ಎದ್ದವರದು ಹೆಚ್ಚು ಬಿರಿಯುತ್ತದೆಯೇ ಎಂದು ಎರಡು ಸಾಲು ಬರೆದು ಎಣಿಸಿದವರು ಬಹಳ ವಿರಳ. ಮಲಗಿಸಿದಾಗ ಸತ್ತರೆ ರೋಗ ಕೊಂದಿತು. ಏಳಿಸಿದಾಗ ಸತ್ತರೆ ಡಾಕ್ಟರು ಕೊಂದರು. ಹೊಣೆಯ ಈ ಹಂಚಿಕೆ ಬದಲಾಗದೆ ಪದ್ಧತಿ ಬದಲಾಗುವಂತಿರಲಿಲ್ಲ. ಹೆಣ್ಣಿನ ದೇಹ ನಾಜೂಕು ಎಂಬ ನಂಬಿಕೆಯೂ ಅದಕ್ಕೆ ಒತ್ತಾಸೆಯಾಗಿತ್ತು. ಹೆತ್ತ ಕೆಲವೇ ದಿನಕ್ಕೆ ಹೊಲಕ್ಕಿಳಿಯುವ ಕೂಲಿಯ ಹೆಂಗಸರು ಎಲ್ಲ ದೇಶಗಳಲ್ಲೂ ಕಣ್ಣೆದುರಿಗೇ ಇದ್ದರು, ಆದರೆ ನಾಜೂಕಿನ ಲೆಕ್ಕಕ್ಕೆ ಅವರನ್ನು ಯಾರೂ ಸೇರಿಸಿಕೊಳ್ಳಲಿಲ್ಲ.

ಹಾಸಿಗೆ ಮಾಡುವ ಕೇಡು ಏನೆಂದು ತಿಳಿಯಲು ಬೇಕಾದ ವಿಜ್ಞಾನ ಆಗಲೇ ಇತ್ತು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತದ ತುಂಡು ಕಿತ್ತು ಮೇಲೇರಿ ಶ್ವಾಸಕೋಶದ ನಾಳವನ್ನು ಅಡ್ಡಗಟ್ಟಬಲ್ಲದೆಂದು ಬರ್ಲಿನ್ನಿನ ರುಡಾಲ್ಫ್ ವಿರ್ಕೊ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲೇ ತೋರಿಸಿದ್ದರು. ಕ್ಯಾನ್ಸರ್ ಇದ್ದವರಲ್ಲಿ ರಕ್ತ ಹೆಚ್ಚು ಹೆಪ್ಪುಗಟ್ಟುತ್ತದೆ ಎಂದು ಪ್ಯಾರಿಸ್ಸಿನ ಆರ್ಮಾಂ ಟ್ರೂಸೋ 1865ರಲ್ಲಿ ಹೇಳಿದರು. ಎರಡು ವರ್ಷದೊಳಗೆ ತಮ್ಮದೇ ಕೈಯ ನಾಳ ಊದಿಕೊಂಡದ್ದನ್ನು ಕಂಡು ತಮಗೆ ಬಂದಿರುವುದೇನೆಂದು ಅರಿತುಕೊಂಡರು, ಹೊಟ್ಟೆಯ ಕ್ಯಾನ್ಸರಿನಿಂದಲೇ ತೀರಿಕೊಂಡರು. ಈಗ ಕೂಡಿಸಿ ನೋಡಿ: ಕ್ಯಾನ್ಸರಿನಿಂದ ಗಟ್ಟಿಯಾಗಲು ಹವಣಿಸುವ ರಕ್ತ, ಸೊಂಟದ ದೊಡ್ಡ ರಕ್ತನಾಳಗಳ ಮೇಲೆಯೇ ಗಂಟೆಗಟ್ಟಲೆ ನಡೆದ ಕೊಯ್ತ, ಆಮೇಲೆ ಎರಡು-ಮೂರು ವಾರ ಅಲುಗಾಡದ ಕಾಲು. ಇದಕ್ಕಿಂತ ಚೆನ್ನಾಗಿ ಹೆಪ್ಪು ಕಟ್ಟಿಸುವ ಉಪಾಯ ಬೇಕೆಂದೇ ಹುಡುಕಿದರೂ ಸಿಗಲಾರದು. ಮೂರನೆಯ ವಾರ ಮೊದಲ ಬಾರಿ ಎದ್ದು ಬಚ್ಚಲಿಗೆ ಹೋದ ಹೆಂಗಸು ಅಲ್ಲೇ ಕುಸಿದು ಸತ್ತರೆ, ಎದ್ದದ್ದೇ ಕಾರಣ ಎಂದುಕೊಂಡು ಮುಂದಿನವಳನ್ನು ಇನ್ನೂ ಒಂದು ವಾರ ಹೆಚ್ಚು ಮಲಗಿಸುತ್ತಿದ್ದರು.

ಪದ್ಧತಿಯನ್ನು ಅಲುಗಾಡಿಸಿದ್ದು ವಾದವಲ್ಲ, ಯುದ್ಧ. ಡೆಟ್ರಾಯಿಟಿನ ಡೇನಿಯಲ್ ಲೈಟ್‌ಹೌಸರ್ 1930ರ ದಶಕದ ಕೊನೆಯಿಂದಲೇ ಆಪರೇಷನ್ನಾದವರನ್ನು ಬೇಗ ನಡೆಸುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಮಂಚಗಳೂ ದಾದಿಯರೂ ಸಾಲದಾದಾಗ ಉಳಿದವರಿಗೂ ಅದು ಅನಿವಾರ್ಯವಾಯಿತು. 1947ರಲ್ಲಿ ಲಂಡನ್ನಿನ ರಿಚರ್ಡ್ ಆಷರ್ ಹಾಸಿಗೆಯ ಅಪಾಯಗಳನ್ನೇ ಕುರಿತು ಬರೆದ ಚುರುಕಾದ ಲೇಖನ ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಬಂದಾಗ ಓದುಗರು ನಗುವ ಹದಕ್ಕೆ ಬಂದಿದ್ದರು. ರೋಗಿಗೆ ಏನು ಒಳ್ಳೆಯದೆಂಬ ಪ್ರಶ್ನೆಗೆ ಉತ್ತರ ಮಂಚದ ಕೊರತೆಯಿಂದ ಬಂತು ಎಂಬುದು ವೈದ್ಯಶಾಸ್ತ್ರಕ್ಕೆ ಅಷ್ಟೇನೂ ಹೆಮ್ಮೆಯ ಸಂಗತಿಯಲ್ಲ. ಬೇಗ ಮನೆಗೆ ಕಳಿಸುವುದು ಆಸ್ಪತ್ರೆಯ ಲಾಭಕ್ಕೆ ಎಂದು ಈಗಲೂ ಗೊಣಗುವವರ ಅನುಮಾನಕ್ಕೆ ಬೇರು ಇಲ್ಲೇ ಇದೆ. ಅನುಮಾನ ಪೂರ್ತಿ ಸುಳ್ಳೂ ಅಲ್ಲ. ಆದರೆ ಒಂದು ಕ್ರಮ ಯಾರ ಅನುಕೂಲಕ್ಕೆ ಹುಟ್ಟಿತು ಎನ್ನುವುದು ಬೇರೆ, ಅದು ರೋಗಿಗೆ ಹಿತವೋ ಅಲ್ಲವೋ ಎನ್ನುವುದು ಬೇರೆ.

ನಡೆದಾಡಿಸಿದರೆ ಸಾಕು, ಹೆಪ್ಪು ಕಟ್ಟುವುದಿಲ್ಲ ಎಂದುಕೊಂಡರೆ ಅದೂ ಇನ್ನೊಂದು ಮೂಢನಂಬಿಕೆಯೇ ಆದೀತು. ಭಾರತದಲ್ಲಿ ಹುಟ್ಟಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಸರ್ಜನ್ ಆಗಿದ್ದ ವಿಜಯ್ ಕಕ್ಕರ್ ಅವರ ನೇತೃತ್ವದಲ್ಲಿ ಹಲವು ದೇಶಗಳಲ್ಲಿ ನಡೆದ ಪರೀಕ್ಷೆಯ ಫಲ 1975ರಲ್ಲಿ ಪ್ರಕಟವಾಯಿತು. ನಾಲ್ಕು ಸಾವಿರಕ್ಕೂ ಮಿಕ್ಕಿದ ರೋಗಿಗಳಲ್ಲಿ ಅರ್ಧ ಮಂದಿಗೆ ಆಪರೇಷನ್ನಿನ ಆಸುಪಾಸಿನ ದಿನಗಳಲ್ಲಿ ಹೆಪರಿನ್ ಔಷಧದ ಸಣ್ಣ ಸಣ್ಣ ಚುಚ್ಚುಮದ್ದು. ಉಳಿದ ಅರ್ಧಕ್ಕೆ ಇಲ್ಲ. ಶ್ವಾಸಕೋಶಕ್ಕೆ ಹೆಪ್ಪು ಬಡಿದು ಸತ್ತವರು ಚುಚ್ಚುಮದ್ದಿಲ್ಲದ ಗುಂಪಿನಲ್ಲಿ 16, ಇದ್ದ ಗುಂಪಿನಲ್ಲಿ 2. ಇಷ್ಟು ಸ್ಪಷ್ಟವಾದ ಲೆಕ್ಕ ಸಿಕ್ಕಮೇಲೆ ಎಲ್ಲರಿಗೂ ಅದನ್ನೇ ಕೊಟ್ಟರಾಯಿತಲ್ಲ? ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಡೇನಿಯಲ್ ಕ್ಲಾರ್ಕ್-ಪಿಯರ್ಸನ್ ಮತ್ತು ಸಂಗಡಿಗರು ಸ್ತ್ರೀರೋಗದ ಕ್ಯಾನ್ಸರಿನವರಲ್ಲೇ ಬೇರೆಯಾಗಿ ಪರೀಕ್ಷಿಸಿದಾಗ ದಿನಕ್ಕೆ ಎರಡು ಸಲ ಕೊಟ್ಟದ್ದು ಇವರಿಗೆ ಸಾಕಾಗಲಿಲ್ಲ, ಎಂಟು ಗಂಟೆಗೊಮ್ಮೆ ಕೊಟ್ಟಾಗ ಫಲ ಕಂಡಿತು. ಔಷಧವೇ ಇಲ್ಲದೆ, ಮೀನಖಂಡಕ್ಕೆ ಸುತ್ತಿದ ಗಾಳಿಪಟ್ಟಿ ಬಿಗಿದು ಸಡಿಲಿಸಿ ರಕ್ತವನ್ನು ಮೇಲಕ್ಕೆ ಒತ್ತುವ ಯಂತ್ರವೂ ಈ ರೋಗಿಗಳಲ್ಲಿ ಹೆಪ್ಪನ್ನು ಗಣನೀಯವಾಗಿ ತಗ್ಗಿಸಿತು. ನಿಶ್ಶಬ್ದ ವಾರ್ಡಿನಲ್ಲಿ ರಾತ್ರಿಯಿಡೀ ಬುಸ್ ಎಂದು ಉಸಿರುಬಿಡುವ ಆ ಯಂತ್ರ, ನಡೆಯಲಾಗದವರ ಕಾಲುಗಳ ಪರವಾಗಿ ನಡೆಯುತ್ತದೆ ಎನ್ನಬಹುದು. 2002ರಲ್ಲಿ ಬಂದ ಇನ್ನೊಂದು ಪರೀಕ್ಷೆ ಹೊಟ್ಟೆ ಮತ್ತು ಸೊಂಟದೊಳಗಿನ ಕ್ಯಾನ್ಸರಿಗೆ ಆಪರೇಷನ್ ಆದವರಲ್ಲಿ ಚುಚ್ಚುಮದ್ದನ್ನು ಒಂದು ವಾರಕ್ಕೆ ನಿಲ್ಲಿಸದೆ ನಾಲ್ಕು ವಾರ ಮುಂದುವರಿಸಿತು. ಹೆಪ್ಪು ಕಂಡವರು ನೂರಕ್ಕೆ 12ರಿಂದ 4.8ಕ್ಕೆ ಇಳಿದರು. ಅಪಾಯದ ಕಾಲ ಆಸ್ಪತ್ರೆಯ ಬಾಗಿಲಿಗೆ ಮುಗಿಯುವುದಿಲ್ಲ ಎಂದು ಅರ್ಥವಾದದ್ದು ಆಗ.

ಊಟದ ಕಥೆಯೂ ಹೀಗೆಯೇ. ರಾತ್ರಿ ಹನ್ನೆರಡರ ಮೇಲೆ ಹನಿ ನೀರೂ ಬೇಡ ಎಂಬ ಕಟ್ಟಳೆ ಸುಮ್ಮನೆ ಹುಟ್ಟಿದ್ದಲ್ಲ. ಹೆರಿಗೆಗೆ ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ನುಗ್ಗುವ ಅಪಾಯವನ್ನು ನ್ಯೂಯಾರ್ಕಿನ ಕರ್ಟಿಸ್ ಮೆಂಡೆಲ್ಸನ್ 1946ರಲ್ಲಿ ಲೆಕ್ಕಸಮೇತ ತೋರಿಸಿದ್ದರು. ಕಾರಣ ಸರಿ, ನಿಯಮ ಮಾತ್ರ ಕಾರಣವನ್ನು ಮೀರಿ ಬೆಳೆಯಿತು. ತಿಳಿಯಾದ ನೀರು ಎರಡು ಗಂಟೆಯೊಳಗೆ ಹೊಟ್ಟೆಯಿಂದ ಇಳಿದುಹೋಗುತ್ತದೆ ಎಂದು ಗೊತ್ತಾದ ಮೇಲೂ ಹೆಂಗಸರು ಹಿಂದಿನ ರಾತ್ರಿ ಭೇದಿಗೆ ಕುಡಿದು, ಬೆಳಗಿನವರೆಗೆ ಕಕ್ಕಸಿಗೆ ಓಡಾಡಿ, ಬಾಯಾರಿ, ನಿತ್ರಾಣವಾಗಿ ಆಪರೇಷನ್ ಕೋಣೆಗೆ ಬರುತ್ತಲೇ ಇದ್ದರು. ಆಪರೇಷನ್ನಾದ ಮೇಲೆ ನಮ್ಮ ವಾರ್ಡುಗಳಲ್ಲೂ ಕೇಳಿಬರುವ ಆ ಒಂದೇ ಪ್ರಶ್ನೆ, ‘ಗ್ಯಾಸ್ ಹೋಯ್ತೇನಮ್ಮಾ?’ ಎಂಬುದಕ್ಕೆ ಹೌದೆನ್ನುವವರೆಗೆ ಗಂಜಿಯೂ ಇಲ್ಲ. ಕೋಪನ್‌ಹೇಗನ್ನಿನ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ಇವನ್ನೆಲ್ಲ ಒಟ್ಟಿಗೆ ಪ್ರಶ್ನಿಸಿದರು: ಉಪವಾಸ, ಭೇದಿ, ಮೂಗಿನ ನಳಿಕೆ, ಕರುಳನ್ನು ಮಂಕುಗೊಳಿಸುವ ಅಫೀಮು ಜಾತಿಯ ನೋವಿನ ಔಷಧ, ಹಾಸಿಗೆ. ಒಂದನ್ನೇ ಬದಲಿಸಿದರೆ ಸಾಲದು, ನೋವು ತಗ್ಗಿದರೆ ತಾನೇ ಎದ್ದು ನಡೆಯುವುದು, ನಡೆದರೆ ತಾನೇ ಹಸಿವಾಗುವುದು ಎಂಬುದು ಅವರ ತರ್ಕ. ಕರುಳಿನ ಆಪರೇಷನ್ನಿಗೆಂದು ರೂಪಿಸಿದ ಈ ಕ್ರಮ ಸ್ತ್ರೀರೋಗದ ಕ್ಯಾನ್ಸರಿಗೆಂದೇ ಪ್ರತ್ಯೇಕ ಮಾರ್ಗಸೂಚಿಯಾಗಿ ಹೊರಬಂದದ್ದು 2016ರಲ್ಲಿ. ಎರಡು ಗಂಟೆ ಮೊದಲಿನವರೆಗೆ ತಿಳಿಪಾನಕ, ಭೇದಿ ಮಾಮೂಲಾಗಿ ಬೇಡ, ಮೊದಲ ದಿನದೊಳಗೆ ಊಟ, ಮೂತ್ರದ ಟ್ಯೂಬು ಬೇಗ ಹೊರಗೆ, ಬೇಗ ನಡಿಗೆ. 1899ರ ರೀಸ್ ಓದಿದ್ದರೆ ಇದರಲ್ಲಿ ಅರ್ಧವನ್ನಾದರೂ ಗುರುತು ಹಿಡಿಯುತ್ತಿದ್ದರು. 2017ರಲ್ಲಿ ಟರ್ಕಿಯ ವೈದ್ಯರು ಸ್ತ್ರೀರೋಗದ ಕ್ಯಾನ್ಸರ್ ಆಪರೇಷನ್ನಾದವರಿಗೆ ದಿನಕ್ಕೆ ಮೂರು ಲೋಟ ಕಾಫಿ ಕೊಟ್ಟು ಪರೀಕ್ಷಿಸಿದರು. ಕಾಫಿ ಕುಡಿದವರ ಕರುಳು ಬೇಗ ಎಚ್ಚರವಾಯಿತು. ನಮ್ಮ ಹಾಸನ, ಚಿಕ್ಕಮಗಳೂರಿನ ಕಡೆಯವರು ಈ ಚಿಕಿತ್ಸೆಗೆ ತಕರಾರು ಎತ್ತಲಾರರು.

ಕೊನೆಯ ಪದ್ಧತಿ ಎಲ್ಲಕ್ಕಿಂತ ಗಟ್ಟಿ: ಹೆಚ್ಚು ತೆಗೆದಷ್ಟೂ ಒಳ್ಳೆಯದು ಎಂಬುದು. ಜಪಾನಿನ ಹಿಡೆಕಾಜು ಒಕಾಬಯಾಶಿ 1921ರಲ್ಲಿ ವರ್ಟ್‌ಹೈಮರಿಗಿಂತಲೂ ವಿಸ್ತಾರವಾದ ಆಪರೇಷನ್ ವಿವರಿಸಿದರು. ಅಷ್ಟು ತೆಗೆದಾಗ ಮೂತ್ರಕೋಶದ ನರಗಳೂ ಹೋಗಿ, ಹೆಂಗಸರಿಗೆ ಮೂತ್ರ ಬಂದದ್ದೇ ತಿಳಿಯದಂತಾಗುತ್ತಿತ್ತು. ಆ ನರಗಳನ್ನು ಬಿಡಿಸಿ ಉಳಿಸುವ ಜಾಡನ್ನು ಹುಡುಕಿದವರೂ ಜಪಾನಿನ ಸರ್ಜನ್ನರೇ. ದುಗ್ಧಗ್ರಂಥಿ ತೆಗೆದವರಲ್ಲಿ ಕೆಲವರಿಗೆ ಕಾಲು ಜನ್ಮಪೂರ್ತಿ ಊದಿಯೇ ಇರುತ್ತದೆ. ಆ ಊತ ಬಂದಮೇಲೆ ಅದನ್ನು ಹಿಂದಕ್ಕೆ ಕಳಿಸುವ ಮದ್ದು ಇಲ್ಲ. ಮುಂದುವರಿದ ಅಂಡಾಶಯದ ಕ್ಯಾನ್ಸರಿನಲ್ಲಿ, ಊದಿರದ ಗ್ರಂಥಿಗಳನ್ನೂ ತೆಗೆದರೆ ಆಯುಸ್ಸು ಹೆಚ್ಚುವುದಿಲ್ಲ, ತೊಡಕು ಮಾತ್ರ ಹೆಚ್ಚುತ್ತದೆ ಎಂದು 647 ಹೆಂಗಸರ ಪರೀಕ್ಷೆಯೊಂದು 2019ರಲ್ಲಿ ತೋರಿಸಿತು. 2024ರಲ್ಲಿ ಬಂದ, 700 ಹೆಂಗಸರ ಇನ್ನೊಂದು ಪರೀಕ್ಷೆ, ಗರ್ಭಕೊರಳಿನ ತೀರ ಸಣ್ಣ ಕ್ಯಾನ್ಸರಿಗೆ ವರ್ಟ್‌ಹೈಮ್ ಮಾದರಿಯ ದೊಡ್ಡ ಆಪರೇಷನ್ ಬೇಡ, ಬರೀ ಗರ್ಭಕೋಶ ತೆಗೆದರೂ ರೋಗ ಮರಳುವ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ, ಮೂತ್ರದ ತೊಂದರೆ ಕಡಿಮೆ ಎಂದಿತು. ಮಾಡದೆ ಬಿಟ್ಟ ಕೊಯ್ತದಿಂದ ತೊಡಕು ಬರುವುದಿಲ್ಲ.

ಹಾಗಾದರೆ ಕಡಿಮೆ ಮಾಡುವುದೇ ಎಂದಿಗೂ ಸರಿಯೋ? ನನ್ನ ವಾದಕ್ಕೆ ಎದುರಾಗುವ ಅತಿ ಕಠಿಣ ಸಾಕ್ಷಿ ಇಲ್ಲೇ ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಹೊಟ್ಟೆಗೆ ಸಣ್ಣ ತೂತುಗಳನ್ನು ಮಾಡಿ, ಕ್ಯಾಮೆರಾ ಅಥವಾ ರೋಬೋಟ್ ಇಟ್ಟು ಮಾಡುವ ಆಪರೇಷನ್ನಿನಲ್ಲಿ ರಕ್ತ ಕಡಿಮೆ ಹೋಗುತ್ತದೆ, ಬೇಗ ಮನೆಗೆ ಹೋಗಬಹುದು. ಗರ್ಭಕೊರಳಿನ ಕ್ಯಾನ್ಸರಿಗೂ ಇದೇ ವಾಸಿ ಎಂದು ಬಹುಮಂದಿ ನಂಬಿದ್ದಾಗ, 2018ರಲ್ಲಿ 631 ಹೆಂಗಸರ ಪರೀಕ್ಷೆಯ ಫಲ ಬಂತು: ನಾಲ್ಕೂವರೆ ವರ್ಷಕ್ಕೆ ರೋಗ ಮರಳದೆ ಉಳಿದವರು ಹೊಟ್ಟೆ ಕೊಯ್ದ ಗುಂಪಿನಲ್ಲಿ ನೂರಕ್ಕೆ 96.5, ತೂತಿನ ಗುಂಪಿನಲ್ಲಿ 86. ಸತ್ತವರೂ ಎರಡನೆಯ ಗುಂಪಿನಲ್ಲೇ ಹೆಚ್ಚು. ಹಲವು ಆಸ್ಪತ್ರೆಗಳು ಆ ರೋಗಕ್ಕೆ ಹಳೆಯ ಕೊಯ್ತಕ್ಕೇ ಮರಳಿದವು. ವರ್ಟ್‌ಹೈಮರು ಯೋನಿಯನ್ನು ಇಕ್ಕಳದಿಂದ ಮುಚ್ಚಿ ಗೆಡ್ಡೆ ಚೆಲ್ಲದಂತೆ ನೋಡಿಕೊಂಡದ್ದನ್ನು ಈಗ ಮತ್ತೆ ನೆನೆಯಲಾಗುತ್ತಿದೆ. ಇದರಿಂದ ನನ್ನ ಮಾತು ಬಿದ್ದುಹೋಗುವುದಿಲ್ಲ, ಇನ್ನಷ್ಟು ಮೊನಚಾಗುತ್ತದೆ ಎಂದೇ ತಿಳಿಯುತ್ತೇನೆ. ಸಣ್ಣ ಗಾಯವೇ ಹಿತ ಎನ್ನುವುದೂ ಇಪ್ಪತ್ತೇ ವರ್ಷದಲ್ಲಿ ಬೆಳೆದ ಒಂದು ಪದ್ಧತಿ. ಅದನ್ನೂ ಎಣಿಸದೆ ನಂಬಿದ್ದರು.

ಕರ್ನಾಟಕಕ್ಕೆ ಈ ಚರಿತ್ರೆ ಬಂದು ಮುಟ್ಟುವುದು ಆಸ್ಪತ್ರೆಯ ಒಳಗಲ್ಲ, ಹೊರಗೆ. 1973ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಿದ್ವಾಯಿ ಸಂಸ್ಥೆಯಂಥ ಕಡೆಗೆ ದೂರದ ಜಿಲ್ಲೆಗಳಿಂದ ಬಂದು ಆಪರೇಷನ್ ಮಾಡಿಸಿಕೊಂಡ ಹೆಂಗಸು ಊರಿಗೆ ಮರಳಿದಾಗ ಅಲ್ಲಿ ಆಕೆಗಾಗಿ ಕಾದಿರುವುದು ಬಾಣಂತನದ ಶಾಸ್ತ್ರ. ಗರ್ಭಕೋಶ ತೆಗೆಸಿದವಳೂ ಬಾಣಂತಿಯಂತೆ ಹಸಿಮೈಯವಳೇ ಎಂದು ಬಗೆಯುವ ಮನೆಗಳು ಇಂದಿಗೂ ಬೇಕಾದಷ್ಟಿವೆ: ಗಾಳಿಗೆ ಹೋಗಬೇಡ, ಕಾಲು ನೆಲಕ್ಕಿಡಬೇಡ, ನೀರು ಕಡಿಮೆ ಕುಡಿ, ಖಾರವಿಲ್ಲದ ಪಥ್ಯ. ಇದನ್ನು ಅಜ್ಞಾನವೆಂದು ತಳ್ಳಿಹಾಕುವ ಮುನ್ನ, ದುಡಿಯುವ ಹೆಂಗಸಿಗೆ ಒಲೆ, ಬಾವಿ, ಹೊಲಗಳಿಂದ ಒಂದಿಷ್ಟು ದಿನ ಬಿಡುವು ಕೊಡಿಸಿದ ಏಕೈಕ ಕಟ್ಟಳೆ ಅದೇ ಆಗಿತ್ತು ಎಂಬುದನ್ನು ನೆನೆಯಬೇಕು. ಭಾರ ಎತ್ತಬಾರದು ಎಂಬ ಅದರ ಭಾಗವನ್ನು ಇಂದಿನ ಡಾಕ್ಟರೂ ಹೇಳುತ್ತಾರೆ. ಆದರೆ ನೀರು ಕಡಿಮೆಯಾಗಿ ಕಾಲು ಅಲುಗದಿದ್ದರೆ ಏನಾಗುತ್ತದೆಂದು ಮೇಲೆ ನೋಡಿದ್ದಾಯಿತು. ಡಿಸ್ಚಾರ್ಜ್ ಚೀಟಿಯಲ್ಲಿ ‘ಓಡಾಡಿಕೊಂಡಿರಬೇಕು’ ಎಂಬ ಸಾಲಿನ ಕೆಳಗೆ ನಾಲ್ಕು ವಾರದ ಚುಚ್ಚುಮದ್ದಿನ ಹೆಸರಿರುತ್ತದೆ. ಅದನ್ನು ಹೊಟ್ಟೆಯ ಚರ್ಮ ಎತ್ತಿಹಿಡಿದು ದಿನಾ ಚುಚ್ಚಬೇಕಾದವರು ಮಗಳೋ ಸೊಸೆಯೋ, ಪಕ್ಕದೂರಿನ ನರ್ಸಮ್ಮನೋ; ಅಷ್ಟು ಸಿರಿಂಜಿಗೆ ದುಡ್ಡು ಹೊಂದಿಸಬೇಕಾದವರು ಇನ್ಯಾರೋ. ಒಳಕೋಣೆಯಲ್ಲಿ ಕಿಟಕಿ ಮುಚ್ಚಿ, ಕಂಬಳಿ ಹಾಸಿ, ಮಂಚವನ್ನು ಮಾತ್ರ ಆಗಲೇ ಸಿದ್ಧಮಾಡಿ ಇಟ್ಟಿರುತ್ತಾರೆ.